ಮಳೆನಾಡಿನ ಅರಮನೆಗಳು: ಮರ, ಮುರಕಲ್ಲು ಮತ್ತು ಮಾಡು

ಅರಮನೆ ಎಂದೊಡನೆ ಮೈಸೂರಿನ ಗುಮ್ಮಟಗಳು ಕಣ್ಣಮುಂದೆ ಬರುವುದು ಸಹಜ. ಆದರೆ ಮೂಡಬಿದಿರೆಯ ಚೌಟರ ಅರಮನೆಯಲ್ಲಿ ಗುಮ್ಮಟವಿಲ್ಲ. ಇಳಿಜಾರು ಮಾಡು ಮತ್ತು ಕೆತ್ತನೆಯ ಮರದ ಕಂಬಗಳಿರುವ ಅದು ಹೊರನೋಟಕ್ಕೆ ಒಂದು ದೊಡ್ಡ ಮನೆ. ಬಂಟ್ವಾಳ ತಾಲ್ಲೂಕಿನ ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳ ಅರಮನೆ, ಬೆಳ್ತಂಗಡಿ ತಾಲ್ಲೂಕಿನ ಅಳದಂಗಡಿಯಲ್ಲಿ ಅಜಿಲರ ಅರಮನೆ ಇವೆ. ಊರೂರಿನ ಗುತ್ತು, ಬೀಡುಗಳೂ ಇದೇ ಪರಂಪರೆಯವು. ಅರಸರ ಮನೆಗಳೂ ಹೀಗೇಕೆ ರೂಪುಗೊಂಡವು?

ಮೊದಲ ಕಾರಣ ಮಳೆ. ಇಲ್ಲಿ ವರ್ಷಕ್ಕೆ ಸುಮಾರು 4 ಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 100 ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನ ಮೇಲೆ ವರ್ಷಕ್ಕೆ ಬೀಳುವ ನೀರು 400 ಘನ ಮೀಟರ್, ಅಂದರೆ 4 ಲಕ್ಷ ಲೀಟರ್! ಇದು ನಿಲ್ಲದೆ ಹರಿದುಹೋಗಬೇಕು. ಮಾಡು 30 ಡಿಗ್ರಿ ಓರೆಯಾಗಿದ್ದರೆ ಗುರುತ್ವಬಲದ ಅರ್ಧದಷ್ಟು ನೀರನ್ನು ಇಳಿಜಾರಿನಗುಂಟ ಎಳೆಯುತ್ತದೆ. ಮುಂದೆ ಚಾಚಿದ ಸೂರು ಗೋಡೆಯನ್ನು ಎರಚಲಿನಿಂದ ಕಾಯುತ್ತದೆ.

ಎರಡನೆಯ ಕಾರಣ ಕೈಗೆ ಸಿಗುವ ಸಾಮಗ್ರಿ. ಗೋಡೆಗೆ ಬಳಸುವ ಮುರಕಲ್ಲು ಅಗೆಯುವಾಗ ಮೆದು. ಗಾಳಿಗೆ ಒಡ್ಡಿದಾಗ ಗಟ್ಟಿಯಾಗುತ್ತದೆ. ಕಬ್ಬಿಣದ ಆಕ್ಸೈಡು ಅದರ ಕೆಂಪು ಬಣ್ಣಕ್ಕೆ ಕಾರಣ. ಮಲಬಾರಿನಲ್ಲಿ ಇದೇ ಕಲ್ಲನ್ನು ಕಂಡ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಈ ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಆದ್ದರಿಂದ ಬಾಗುವ ಭಾರ ಹೊರುವ ತೊಲೆ, ಪಕ್ಕಾಸು, ರೀಪುಗಳೆಲ್ಲ ಮರದವು. ಒಂದು ಮರದ ತುದಿಯನ್ನು ಕಡೆದು ಇನ್ನೊಂದರ ತೂತಿನಲ್ಲಿ ಕೂರಿಸುವ ಜೋಡಣೆಗೆ ತುಕ್ಕಿನ ಭಯವಿಲ್ಲ. ಕೋಣೆಯ ಮೇಲಿನ ಮರದ ಮುಚ್ಚಿಗೆಗೂ ಮಾಡಿಗೂ ನಡುವೆ ನಿಂತ ಗಾಳಿ ಬೇಸಿಗೆಯ ತಾಪ ಕೆಳಗಿಳಿಯದಂತೆ ತಡೆಯುತ್ತದೆ.

ಮರವನ್ನು ಬಲ್ಲ ಬಡಗಿಗಳು ಅದನ್ನು ಕಲೆಯಾಗಿಯೂ ಬೆಳೆಸಿದರು. ಚೌಟರ ಅರಮನೆಯ ಕಂಬಗಳಲ್ಲಿ ಒಂಬತ್ತು ಸ್ತ್ರೀಯರು ಸೇರಿ ಆನೆಯಾಗುವ 'ನವನಾರಿ ಕುಂಜರ', ಐವರು ಸೇರಿ ಕುದುರೆಯಾಗುವ 'ಪಂಚನಾರಿ ತುರಗ' ಪ್ರಸಿದ್ಧ. ಅದೇ ಊರಿನ ಸಾವಿರ ಕಂಬದ ಬಸದಿ 1430ರ ಹೊತ್ತಿನದು. ಕಲ್ಲಿನ ಆ ಕಟ್ಟಡಕ್ಕೂ ಅಂತಸ್ತು ಅಂತಸ್ತಾಗಿ ಇಳಿಜಾರು ಮಾಡುಗಳಿವೆ. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ 19ನೆಯ ಶತಮಾನದಲ್ಲಿ ಇವುಗಳಲ್ಲಿ ನೇಪಾಳದ ಕಟ್ಟಡಗಳ ಹೋಲಿಕೆ ಕಂಡ. ದೂರದ ಎರಡು ನಾಡುಗಳಲ್ಲಿ ಮಳೆ ಮತ್ತು ಮರ ಒಂದೇ ಬಗೆಯ ಪರಿಹಾರವನ್ನು ಸೂಚಿಸಿರಬಹುದಲ್ಲವೇ?

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಒಂದಕ್ಕೊಂದು ಕಚ್ಚಿಕೊಳ್ಳುವ ಈ ಹಂಚು ಕ್ರಮೇಣ ಹುಲ್ಲಿನ ಮಾಡುಗಳ ಸ್ಥಾನಕ್ಕೆ ಬಂದಿತು. ಹೊದಿಕೆ ಬದಲಾದರೂ ಮನೆಯ ವಿನ್ಯಾಸ ಉಳಿಯಿತು.

ಅದನ್ನು ಅಲುಗಿಸಿದ್ದು ಮಳೆಯಲ್ಲ, ಸಮಾಜದ ಬದಲಾವಣೆ. ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನದ ಕೂಡುಕುಟುಂಬಗಳಿಗೆ 1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿನ ಹಕ್ಕು ನೀಡಿತು. ಭೂಸುಧಾರಣೆಯ 1974ರ ತಿದ್ದುಪಡಿ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿಸಿತು. ಎರಡೂ ನ್ಯಾಯವಾದ ಹೆಜ್ಜೆಗಳೇ. ಆದರೆ ಹಲವು ಕೈಗಳ ದುಡಿಮೆ ಮತ್ತು ಗೇಣಿಯ ಆದಾಯ ದೊಡ್ಡ ಮನೆಗಳಿಗೆ ಇಲ್ಲವಾಯಿತು. ಒಡೆದ ಒಂದು ಹಂಚನ್ನು ಬದಲಿಸದಿದ್ದರೆ ರೀಪು ನೆನೆಯುತ್ತದೆ, ಶಿಲೀಂಧ್ರ, ಗೆದ್ದಲು ಬರುತ್ತವೆ, ಪಕ್ಕಾಸು ಕುಸಿಯುತ್ತದೆ. ಮನೆ ಬಿಚ್ಚಿದಾಗ ಕೆತ್ತಿದ ಕಂಬಕ್ಕೆ ಕೊಳ್ಳುವವರು ಸಿಗುತ್ತಾರೆ. ಅದನ್ನು ತೊಲೆಗೆ ಕೂಡಿಸಿದ ಜಾಣ್ಮೆ ಮಾತ್ರ ಅಲ್ಲಿಗೇ ಮುಗಿಯುತ್ತದೆ.

ಈ ಜಾಣ್ಮೆಯನ್ನು ದಾಖಲಿಸಲು ದುಬಾರಿ ಉಪಕರಣ ಬೇಕಿಲ್ಲ. ಮನೆಯವರ ಒಪ್ಪಿಗೆ ಪಡೆದು ವಿದ್ಯಾರ್ಥಿಗಳು ಹಳೆಯ ಮನೆಯೊಂದರ ನಕ್ಷೆ ಬರೆಯಲಿ. ಮಾಡಿನ ಓರೆ, ಸೂರಿನ ಚಾಚು, ಗೋಡೆಯ ದಪ್ಪ ಅಳೆಯಲಿ. ಏಪ್ರಿಲ್‌ನ ಮಧ್ಯಾಹ್ನ ಒಳಗಿನ ಮತ್ತು ಹೊರಗಿನ ಉಷ್ಣತೆಯನ್ನು ಹೋಲಿಸಲಿ. ಮರದ ಜೋಡಣೆಗಳ ಹೆಸರನ್ನು ಹಿರಿಯ ಬಡಗಿಗಳಿಂದ ಕೇಳಿ ಬರೆದುಕೊಳ್ಳಲಿ. ಮನೆ ಉಳಿಯದಿದ್ದರೂ ಅದನ್ನು ಕಟ್ಟಿದ ತಿಳಿವಳಿಕೆ ಉಳಿದೀತು.