ವೈರಮುಡಿ ರಾತ್ರಿ ಬಿಟ್ಟು ಮೇಲುಕೋಟೆ ನೋಡಿದ್ದೀರಾ? ಬೆಟ್ಟದ ಊರಿನ ಇತಿಹಾಸ, ನೋಡೋ ಜಾಗಗಳು, ಹೋಗೋ ದಾರಿ

ಮಂಡ್ಯ: ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಯಾರನ್ನಾದರೂ ‘ಮೇಲುಕೋಟೆಗೆ ಹೋಗಿದ್ದೀರಾ’ ಅಂತ ಕೇಳಿದರೆ ಇಲ್ಲ ಅನ್ನೋರು ಕಡಿಮೆ. ಆದರೆ ಹೆಚ್ಚಿನವರು ನೋಡಿರೋದು ವೈರಮುಡಿ ರಾತ್ರಿಯ ಮೇಲುಕೋಟೆಯನ್ನ. ಸಾಲು ಸಾಲು ತಲೆ, ಅವುಗಳ ಮೇಲೆ ಒಂದು ಗಳಿಗೆ ಕಿರೀಟದ ಹೊಳಪು, ಗೋವಿಂದಾ ಅನ್ನೋ ಕೂಗು, ಬೆಳಗಿನ ಬಸ್ಸಿಗೆ ವಾಪಸ್. ದೇವರ ದರ್ಶನ ಆಗುತ್ತೆ, ಊರಿನ ದರ್ಶನ ಆಗೋದಿಲ್ಲ.

ನಮ್ಮದು ಕಬ್ಬು, ಭತ್ತ, ನಾಲೆಗಳ ಬಯಲು ಜಿಲ್ಲೆ. ಅಂಥದ್ದರಲ್ಲಿ ಬೆಟ್ಟದ ಮೇಲೆ ಒಂದು ಪೂರ್ತಿ ಊರು, ಕೊಳ, ಗೋಪುರ, ಪಾಠಶಾಲೆ, ಅಡುಗೆ ಎಲ್ಲಾ ಇಟ್ಟುಕೊಂಡು ಶತಮಾನಗಳಿಂದ ಬದುಕಿಕೊಂಡು ಬಂದಿರೋದು ಮೇಲುಕೋಟೆ. ಪಾಂಡವಪುರ ತಾಲ್ಲೂಕಿಗೆ ಸೇರಿದ ಈ ಊರಿನ ಬೆಟ್ಟದ ತುದಿ ಸಮುದ್ರ ಮಟ್ಟದಿಂದ ಸುಮಾರು 3,500 ಅಡಿ ಎತ್ತರದಲ್ಲಿದೆ. ಯದುಗಿರಿ, ಯಾದವಗಿರಿ, ತಿರುನಾರಾಯಣಪುರ ಇವೆಲ್ಲ ಇದರದ್ದೇ ಹೆಸರುಗಳು.

ಕಿರೀಟ ಮಂಡ್ಯದಲ್ಲಿ, ದೇವರು ಬೆಟ್ಟದಲ್ಲಿ

ಮಂಡ್ಯದವರಿಗೂ ಮೇಲುಕೋಟೆಗೂ ಇರೋ ನಂಟು ಬರೀ ಜಿಲ್ಲೆಯ ನಂಟಲ್ಲ. ವಜ್ರಖಚಿತ ವೈರಮುಡಿ ಕಿರೀಟ ವರ್ಷಪೂರ್ತಿ ಇರೋದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಪ್ರತಿ ವರ್ಷ ಮಾರ್ಚ್-ಏಪ್ರಿಲ್ ಹೊತ್ತಿಗೆ ಬರೋ ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಪೆಟ್ಟಿಗೆ ಹೊರಡುತ್ತೆ. ದಾರಿಯುದ್ದಕ್ಕೂ ಹಳ್ಳಿಹಳ್ಳಿಯಲ್ಲಿ ನಿಲ್ಲಿಸಿ ಪೂಜೆ ಮಾಡಿ ಬೆಟ್ಟಕ್ಕೆ ಕಳಿಸುತ್ತಾರೆ. ಗರುಡ ತಂದುಕೊಟ್ಟ ಕಿರೀಟ ಅನ್ನೋದು ನಂಬಿಕೆ. ಅದಕ್ಕೇ ಗರುಡವಾಹನದ ಮೇಲೆ ಕೂತ ಚೆಲುವನಾರಾಯಣನಿಗೆ ರಾತ್ರಿ ಹೊತ್ತೇ ಅದನ್ನು ತೊಡಿಸೋದು, ಹಗಲು ಬೆಳಕು ಬೀಳಬಾರದು ಅಂತ.

ಜೊತೆಗೆ ಹೋಗೋ ಇನ್ನೊಂದು ಕಿರೀಟ ರಾಜಮುಡಿ. ಅದು ಮೈಸೂರಿನ ರಾಜ ಒಡೆಯರ್ (1578-1617) ಕೊಟ್ಟದ್ದು. ದೇವಸ್ಥಾನದ ಕಂಬವೊಂದರ ಮೇಲೆ ಕೈಮುಗಿದು ನಿಂತ ಅವರ ಉಬ್ಬುಚಿತ್ರ ಇದೆ, ಹುಡುಕಿ ನೋಡಿ. ಮೂರನೇದು ಮುಮ್ಮಡಿ ಕೃಷ್ಣರಾಜ ಒಡೆಯರ್ ಕೊಟ್ಟ ಕೃಷ್ಣರಾಜಮುಡಿ.

ರಾಮಾನುಜರು ಬಂದ ಮೇಲೆ

12ನೇ ಶತಮಾನದ ಆರಂಭದಲ್ಲಿ ಚೋಳರ ಕಾಟ ತಾಳಲಾರದೆ ಶ್ರೀರಂಗದಿಂದ ಈ ಕಡೆ ಬಂದವರು ರಾಮಾನುಜಾಚಾರ್ಯರು. ಹೊಯ್ಸಳರ ವಿಷ್ಣುವರ್ಧನ ಆಶ್ರಯ ಕೊಟ್ಟ. ಪಾಂಡವಪುರದ ಹತ್ತಿರದ ತೊಣ್ಣೂರಿನಲ್ಲಿ ಸ್ವಲ್ಪ ಕಾಲ ಇದ್ದು ನಂತರ ಬೆಟ್ಟ ಹತ್ತಿದರು. ಇಲ್ಲಿ 12 ವರ್ಷ ಇದ್ದರು ಅಂತ ಕೆಲವರು, 14 ಅಂತ ಕೆಲವರು. ಚೆಲುವನಾರಾಯಣನ ಪೂಜೆಗೆ ಕ್ರಮ ಹಾಕಿಕೊಟ್ಟವರು ಅವರೇ. ಹಣೆಗೆ ಇಡೋ ಬಿಳಿ ನಾಮದ ಮಣ್ಣು ಇಲ್ಲೇ ಸಿಗುತ್ತಿತ್ತು, ದೂರದೂರಿಗೂ ಇಲ್ಲಿಂದಲೇ ಹೋಗುತ್ತಿತ್ತು.

ಉತ್ಸವಮೂರ್ತಿ ದಿಲ್ಲಿ ಸುಲ್ತಾನನ ಅರಮನೆ ಸೇರಿತ್ತು, ರಾಮಾನುಜರು ಹೋಗಿ ‘ಚೆಲ್ವಪಿಳ್ಳೆ’ ಅಂತ ಕರೆದು ವಾಪಸ್ ತಂದರು ಅನ್ನೋದು ಊರಿನ ಐತಿಹ್ಯ. ಮೂರ್ತಿಯನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳಂತೆ. ಅವಳೇ ಬೀಬಿ ನಾಚ್ಚಿಯಾರ್. ಇವತ್ತಿಗೂ ದೇವರ ಪಾದದ ಬಳಿ ಅವಳಿಗೊಂದು ಜಾಗ ಇದೆ, ಪೂಜೆ ಇದೆ. ಕತೆ ನಿಜವೋ ಅಲ್ಲವೋ, ಆ ಪೂಜೆಯನ್ನಂತೂ ಯಾರೂ ನಿಲ್ಲಿಸಿಲ್ಲ.

ಮೂರ್ತಿ ತರುವಾಗ ದಾರಿಯಲ್ಲಿ ನೆರವಾದವರು ಅಸ್ಪೃಶ್ಯರು ಅನ್ನಿಸಿಕೊಂಡಿದ್ದ ಜನ. ಅವರನ್ನು ರಾಮಾನುಜರು ‘ತಿರುಕುಲತ್ತಾರ್’ ಅಂದರು, ಅಂದರೆ ಶ್ರೇಷ್ಠ ಕುಲದವರು. ವರ್ಷದಲ್ಲಿ ಕೆಲವು ದಿನ ದೇವಸ್ಥಾನದೊಳಗೆ ಬರೋ ಹಕ್ಕು, ಕಲ್ಯಾಣಿಯಲ್ಲಿ ಮೀಯೋ ಹಕ್ಕು ಅವರಿಗೆ ಸಿಕ್ಕಿತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಉಳಿದ ದಿನಗಳಲ್ಲಿ ಅದೇ ಬಾಗಿಲು ಅವರಿಗೆ ಮುಚ್ಚಿರುತ್ತಿತ್ತು ಅನ್ನೋದನ್ನೂ ಜೊತೆಗೇ ಹೇಳಬೇಕು. ಗೈಡುಗಳು ಮೊದಲ ಅರ್ಧ ಹೇಳಿ ಎರಡನೇ ಅರ್ಧ ನುಂಗಿಬಿಡುತ್ತಾರೆ.

ಬಿದ್ದು ಎದ್ದ ಊರು

ಈಗ ನೋಡೋ ಮೇಲುಕೋಟೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. 14ನೇ ಶತಮಾನದಲ್ಲಿ ದಿಲ್ಲಿ ಸೈನ್ಯ ಹೊಯ್ಸಳರ ದ್ವಾರಸಮುದ್ರವನ್ನು ಹಾಳುಮಾಡಿದಾಗ ಇದಕ್ಕೂ ಪೆಟ್ಟು ಬಿತ್ತು. ವಿಜಯನಗರದ ಮಲ್ಲಿಕಾರ್ಜುನನ ಕಾಲದಲ್ಲಿ, 1458ರ ಹೊತ್ತಿಗೆ, ನಾಗಮಂಗಲದ ತಿಮ್ಮಣ್ಣ ದಂಡನಾಯಕ ದೇವಸ್ಥಾನವನ್ನು ಮತ್ತೆ ಎತ್ತಿ ನಿಲ್ಲಿಸಿದ. ರಂಗಮಂಟಪ ಕಟ್ಟಿಸಿದ್ದು ಅವನ ಹೆಂಡತಿ ರಂಗಾಂಬಿಕೆ.

1771ರಲ್ಲಿ ಮತ್ತೊಂದು ಏಟು. ಬೆಟ್ಟದ ದಕ್ಷಿಣಕ್ಕೆ ಇರೋ ಚಿನಕುರಳಿಯಲ್ಲಿ ಮರಾಠರು ಹೈದರಾಲಿಯನ್ನು ಸೋಲಿಸಿದರು. ಅದೇ ಚಿನಕುರಳಿ, ಈಗ ಪಾಂಡವಪುರ ತಾಲ್ಲೂಕಿನ ಹೋಬಳಿ. ಗೆದ್ದ ಸೈನ್ಯ ಬೆಟ್ಟ ಹತ್ತಿದಾಗ ಜನ ಊರು ಬಿಟ್ಟು ಓಡಿಹೋಗಿದ್ದರು. ದೋಚೋಕೆ ಅಂದುಕೊಂಡಷ್ಟು ಸಿಗಲಿಲ್ಲ. ಕೊನೆಗೆ ಕಬ್ಬಿಣದ ಆಸೆಗೆ ದೊಡ್ಡ ದೊಡ್ಡ ಮರದ ತೇರುಗಳಿಗೇ ಬೆಂಕಿ ಇಟ್ಟರು, ಬೆಂಕಿ ಊರಿಗೂ ಹಬ್ಬಿತು. ತೇರಿನ ಕಬ್ಬಿಣಕ್ಕೋಸ್ಕರ ಊರು ಸುಟ್ಟ ಕತೆ ಇದು. ಆಮೇಲೆ ಮೈಸೂರು ಅರಸರ ಆಸರೆಯಲ್ಲಿ ಊರು ಮತ್ತೆ ಚೇತರಿಸಿಕೊಂಡಿತು. ಮೇಲಿನ ಗುಡಿಯಲ್ಲಿರೋ ದೊಡ್ಡ ನಗಾರಿ ಟಿಪ್ಪು ಕೊಟ್ಟದ್ದು ಅಂತಾರೆ.

ಏನೇನು ನೋಡಬಹುದು

ಮೊದಲು ಬೆಟ್ಟ ಹತ್ತಿ, ಆಮೇಲೆ ಬಾಕಿದ್ದು. ಯೋಗಾನರಸಿಂಹನ ಗುಡಿಗೆ 300ಕ್ಕೂ ಹೆಚ್ಚು ಮೆಟ್ಟಿಲು. ನಡುನಡುವೆ ಮಂಟಪಗಳಿವೆ, ವಯಸ್ಸಾದವರು ಕೂತು ಕೂತು ಹತ್ತಬಹುದು. ಮೇಲೆ ನಿಂತರೆ ಕೆರೆ, ಗದ್ದೆ, ತೆಂಗಿನ ತೋಟ ಎಲ್ಲಾ ಕಾಲ ಕೆಳಗೆ ಹಾಸಿದ ಹಾಗೆ ಕಾಣುತ್ತೆ.

ಬೆಟ್ಟದ ಬುಡದಲ್ಲಿ ಕಲ್ಯಾಣಿ. ನಾಲ್ಕೂ ಕಡೆ ಮೆಟ್ಟಿಲು, ಸುತ್ತ ಕಲ್ಲಿನ ಮಂಟಪಗಳು. ಸಿನಿಮಾ ನೋಡೋರಿಗೆ ಇದು ಎಲ್ಲೋ ನೋಡಿದ ಹಾಗೆ ಅನ್ನಿಸುತ್ತೆ, ಯಾಕಂದ್ರೆ ನೋಡಿರುತ್ತಾರೆ. 2007ರ ಹಿಂದಿ ‘ಗುರು’ ಚಿತ್ರದ ಮಳೆ ಹಾಡಿಗೂ ಮೇಲುಕೋಟೆಗೆ ಬಂದಿದ್ದರು. ರಾಯಗೋಪುರವೂ ಹಾಗೇ: ನಾಲ್ಕು ಎತ್ತರದ ಕಂಬ, ಮೇಲೆ ಗೋಪುರವೇ ಇಲ್ಲ. ಒಂದೇ ರಾತ್ರಿಯಲ್ಲಿ ಕಟ್ಟೋಕೆ ಹೊರಟು ಬೆಳಗಾಗಿ ನಿಂತುಹೋಯಿತು ಅಂತ ಊರವರು ಹೇಳ್ತಾರೆ.

ರಾಯಗೋಪುರದ ಕಡೆಯೇ ಅಕ್ಕ-ತಂಗಿ ಕೊಳ. ಪಕ್ಕಪಕ್ಕದಲ್ಲೇ ಎರಡು ಕೊಳ, ಒಂದರ ನೀರು ಕುಡಿಯೋಕೆ ಚೆನ್ನ, ಇನ್ನೊಂದರದ್ದು ಅಲ್ಲ ಅನ್ನೋದು ಹಳೇ ಮಾತು. ಇವು ಪಿಕ್ನಿಕ್ ಜಾಗ ಅಂದುಕೊಂಡವರೇ ಜಾಸ್ತಿ. ಆದರೆ ಬೆಟ್ಟದ ಮೇಲೆ ಹೊಳೆ ಇಲ್ಲ, ನಾಲೆ ಇಲ್ಲ. ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಟ್ಟ ಈ ಕೊಳಗಳಿಂದಲೇ ಊರು ಇಷ್ಟು ಕಾಲ ಉಳಿದದ್ದು. ವಿಶ್ವೇಶ್ವರಯ್ಯ ನಾಲೆ ನೀರು ಕುಡಿದು ಬೆಳೆದ ನಮಗೆ ಅದು ಬೇಗ ತಲೆಗೆ ಹೋಗೋದಿಲ್ಲ. ಎಲೆ, ಪ್ಲಾಸ್ಟಿಕ್ ಬಾಟಲಿ, ಸೋಪಿನ ಕವರ್ ಇವನ್ನೆಲ್ಲ ನೀರಿಗೆ ಬಿಟ್ಟು ಬರೋರು ಕೆಳಗಿನ ಊರುಗಳಿಂದ ಹೋಗೋ ನಾವೇ.

ಕೇರಿಗಳಲ್ಲೂ ನಡೆದು ನೋಡಿ. 1854ರಲ್ಲಿ ಶುರುವಾದ ಸಂಸ್ಕೃತ ಪಾಠಶಾಲೆ ಈಗ ಕಾಲೇಜು, ರಾಜ್ಯದ ಹಳೆಯ ವಿದ್ಯಾಸಂಸ್ಥೆಗಳಲ್ಲಿ ಒಂದು. ಸಂಸ್ಕೃತ ಸಂಶೋಧನಾ ಸಂಸತ್ತಿನಲ್ಲಿ ತಾಳೆಗರಿ ಗ್ರಂಥಗಳಿವೆ. ಕವಿ ಪು.ತಿ. ನರಸಿಂಹಾಚಾರ್ 1905ರಲ್ಲಿ ಹುಟ್ಟಿದ್ದು ಇಲ್ಲೇ, ಅವರ ಮನೆ ಈಗ ಸ್ಮಾರಕ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಜಯಲಲಿತಾ ಹುಟ್ಟಿದ್ದೂ ಇದೇ ಊರಲ್ಲಿ, 1948ರಲ್ಲಿ. ಸುರೇಂದ್ರ ಕೌಲಗಿ 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಖಾದಿ ನೇಯ್ಗೆಗೆ ಹೆಸರಾಗಿದೆ.

ಊರಿನ ಸುತ್ತ ಕಾಡೂ ಇದೆ. 1974ರಲ್ಲಿ ಘೋಷಣೆಯಾದ ಮೇಲುಕೋಟೆ ದೇವಾಲಯ ವನ್ಯಧಾಮದ ವಿಸ್ತೀರ್ಣ ಸುಮಾರು 50 ಚದರ ಕಿ.ಮೀ. ಮಾಡಿದ್ದು ತೋಳಗಳಿಗೋಸ್ಕರ. ತೋಳ ಕಣ್ಣಿಗೆ ಬೀಳೋದು ಅಪರೂಪ, ನವಿಲು ಸಿಗುತ್ತೆ.

ಇನ್ನು ಪುಳಿಯೋಗರೆ. ಬೆಂಗಳೂರಿನ ಅಂಗಡಿಗಳಲ್ಲಿ ‘ಮೇಲುಕೋಟೆ ಪುಳಿಯೋಗರೆ’ ಅಂತ ಬೋರ್ಡ್ ಹಾಕಿಯೇ ಗಿರಾಕಿ ಹಿಡಿಯುತ್ತಾರೆ. ಹುಣಸೆ ಗೊಜ್ಜನ್ನು ನಿಧಾನಕ್ಕೆ ಕುದಿಸಿ ಎಣ್ಣೆ ಬಿಡೋವರೆಗೂ ಬಾಡಿಸಿದ್ದು ಬೆಟ್ಟದ ಮೇಲೇ ತಿಂದು ನೋಡಿ, ಪಕ್ಕದಲ್ಲಿ ಸಕ್ಕರೆ ಪೊಂಗಲ್ ಇರಲಿ. ವೈರಮುಡಿ ದಿನ ಇದಕ್ಕೂ ಕ್ಯೂ. ಬುಧವಾರವೋ ಗುರುವಾರವೋ ಹೋದರೆ ಅಂಗಡಿಯವರು ಕೂರಿಸಿ ಮಾತಾಡಿಸಿ ಬಡಿಸುತ್ತಾರೆ. ಒಂದು ರಾತ್ರಿಯ ವ್ಯಾಪಾರದಲ್ಲಿ ವರ್ಷ ದೂಡೋಕಾಗಲ್ಲ ಅನ್ನೋದು ಅಂಗಡಿ ಇಟ್ಟ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಹೋಗೋದು ಹೇಗೆ

ಮಂಡ್ಯದಿಂದ ಸುಮಾರು 38 ಕಿ.ಮೀ. ದುದ್ದ, ಜಕ್ಕನಹಳ್ಳಿ ಮೇಲೆ ಹೋದರೆ ಹತ್ತಿರ. ಮದ್ದೂರು, ಮಳವಳ್ಳಿಯವರು ಮಂಡ್ಯಕ್ಕೆ ಬಂದು ಬಸ್ ಬದಲಿಸೋದು ಸುಲಭ. ಸ್ವಂತ ಗಾಡಿ ಇದ್ದರೆ ವಾಪಸ್ ಬರುವಾಗ ಪಾಂಡವಪುರದ ಕಡೆ ತಿರುಗಿ ತೊಣ್ಣೂರು ಕೆರೆ, ನಂಬಿನಾರಾಯಣ ದೇವಸ್ಥಾನ ನೋಡಿಕೊಂಡು ಬರಬಹುದು. ಕಾರ್ತಿಕದಲ್ಲಿ ರಾಜಮುಡಿ ಉತ್ಸವ, ತೊಟ್ಟಿಲಮಡು ಜಾತ್ರೆ ಇರುತ್ತೆ, ವೈರಮುಡಿಯಷ್ಟು ನೂಕುನುಗ್ಗಲು ಇರಲ್ಲ.

ಮಧ್ಯಾಹ್ನ ಗುಡಿಗಳ ಬಾಗಿಲು ಹಾಕುತ್ತಾರೆ, ಆದ್ದರಿಂದ ಬೆಳಿಗ್ಗೆಯೇ ಹೊರಡಿ. ಬಿಸಿಲೇರಿದ ಮೇಲೆ ಮೆಟ್ಟಿಲು ಕಾದು ಬರಿಗಾಲು ಇಡೋಕಾಗಲ್ಲ. ಕೈಯಲ್ಲಿ ಹಣ್ಣಿನ ಕವರ್ ಹಿಡಿದು ಹತ್ತಬೇಡಿ, ದೇವರಿಗಿಂತ ಮೊದಲು ಕೋತಿಗೆ ಅರ್ಪಣೆ ಆಗುತ್ತೆ.