ಗಾಲಿಗೆ ಬಣ್ಣ: ಅರಗಿನಿಂದ ಪುಡಿಲೇಪದವರೆಗೆ

ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲುಗಳನ್ನು ಇಂದಿಗೂ ಅಕ್ಕರೆಯಿಂದ ಓಡಿಸುವ ಕೆಲವರು ನಮ್ಮ ಮಲ್ಕಾಜ್‌ಗಿರಿ, ಸಿಕಂದರಾಬಾದು ಕಡೆಗಳಲ್ಲಿ ಇದ್ದಾರೆ. ಇಂಥವರು ನಾಲ್ಕು ಜನ ಸೇರಿದರೆ ಒಂದು ವಾದ ತಪ್ಪಿದ್ದಲ್ಲ: ತುಕ್ಕು ಹಿಡಿದ ಗಾಲಿಗೆ ಮನೆಯಲ್ಲಿಯೇ ಬಣ್ಣ ಹಚ್ಚುವುದೋ, ಇಲ್ಲವೆ ಚರ್ಲಪಲ್ಲಿಯ ಕೈಗಾರಿಕಾ ಪ್ರದೇಶಕ್ಕೆ ಒಯ್ದು ಪೌಡರ್ ಕೋಟಿಂಗ್ ಮಾಡಿಸುವುದೋ? ಪ್ರಶ್ನೆ ಚಿಕ್ಕದು. ಆದರೆ ಅದರ ಹಿಂದಿನ ಚರಿತ್ರೆ ಚಿಕ್ಕದಲ್ಲ; ಅದರಲ್ಲಿ ಕನ್ನಡನಾಡಿನ ಪಾಲೂ ಉಂಟು.

ಮೊದಲು ಗಾಡಿಯ ಮಾತು. ಜೆಕೊಸ್ಲೊವಾಕಿಯದ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಜರ್ಮನಿಯ ವಾಂಡರರ್ ಕಂಪೆನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ‘ಜಾವಾ’ ಎಂದು ಕರೆದನು. ರುಸ್ತುಂ ಇರಾನಿ, ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರಿಂದ ಉದ್ಘಾಟನೆಗೊಂಡಿತು. 1973ರಿಂದ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಮಾರುಕಟ್ಟೆಗೆ ಮರಳಿದವು ನಿಜ. ಆದರೆ ಅವು ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಆದ್ದರಿಂದ ಮೈಸೂರಿನ ಗಾಲಿ ಎಂದರೆ ಕಡಿಮೆಯೆಂದರೂ ಸುಮಾರು ಮೂವತ್ತು ವರ್ಷ ಹಳೆಯದು. ಕೆಟ್ಟರೆ ಅದೇ ಕಾರ್ಖಾನೆಯಿಂದ ಇನ್ನೊಂದು ಬರುವಂತಿಲ್ಲ. ಅದನ್ನು ಉಳಿಸಿಕೊಳ್ಳುವುದು ಬರೀ ಅಲಂಕಾರದ ಮಾತಲ್ಲ.

ಆ ಗಾಲಿಗಳ ರಿಮ್ಮು ಉಕ್ಕಿನದು, ಮೇಲೆ ಕ್ರೋಮ್ ಲೇಪ. ಹೊಳಪು ಕ್ರೋಮಿನದಾದರೂ ತುಕ್ಕನ್ನು ತಡೆಯುವ ನಿಜವಾದ ಕೆಲಸ ಅದರಡಿಯ ನಿಕಲ್ ಪದರದ್ದು. ಅದು ಒಂದು ಕಡೆ ತೂತಾದರೆ ತುಕ್ಕು ಒಳಗಿಂದೊಳಗೇ ಹರಡುತ್ತದೆ.

ಇನ್ನು ಬಣ್ಣದ ಚರಿತ್ರೆ. ಹಿಂದಿನ ಸೈಕಲ್, ಮೋಟಾರುಗಳ ಕಪ್ಪು ಹೊಳಪು ಬಹಳ ಮಟ್ಟಿಗೆ ಡಾಂಬರಿನ ಜಾತಿಯ ವಸ್ತುವನ್ನು ಎಣ್ಣೆಯಲ್ಲಿ ಬೆರೆಸಿ ಹಚ್ಚಿ, ಒಲೆಯಲ್ಲಿ ಬೇಯಿಸಿದ ವಾರ್ನಿಷಿನದು. ಫೋರ್ಡ್ ಕಂಪೆನಿಯ ಟಿ ಮಾದರಿಯ ಕಾರು 1914ರಿಂದ 1925ರವರೆಗೆ ಕಪ್ಪೊಂದೇ ಬಣ್ಣದಲ್ಲಿ ಬಂತು. 1923ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪೆನಿ ‘ಡ್ಯೂಕೋ’ ಎಂಬ ಬೇಗ ಒಣಗುವ ನೈಟ್ರೊಸೆಲ್ಯುಲೋಸ್ ಬಣ್ಣವನ್ನು ತಂದಿತು. ನಮ್ಮ ಗ್ಯಾರೇಜುಗಳಲ್ಲಿ ಯಾವ ಬಣ್ಣ ಹೊಡೆದರೂ ‘ಡ್ಯೂಕೋ ಮಾಡಿದೆ’ ಎನ್ನುವ ವಾಡಿಕೆ ಅಲ್ಲಿಂದ ಬಂದದ್ದು. ಈ ದಾರಿಯಲ್ಲಿ ಮೈಸೂರೂ ಹಿಂದೆ ಬೀಳಲಿಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಾಡಿನ ಅರಗನ್ನು ಆಧರಿಸಿ ಹುಟ್ಟಿದ ಅರಗು ಮತ್ತು ಬಣ್ಣದ ಕಾರ್ಖಾನೆಯೇ 1962ರ ಮಹಾಚುನಾವಣೆಯಿಂದ ನಮ್ಮೆಲ್ಲರ ಬೆರಳಿಗೆ ಅಳಿಸದ ಶಾಯಿ ಒದಗಿಸುತ್ತಿರುವುದು.

ಈ ಎಲ್ಲ ಬಣ್ಣಗಳಿಗೂ ಒಂದು ಲಕ್ಷಣ ಸಮಾನ. ಅಂಟನ್ನು ದ್ರಾವಕದಲ್ಲಿ ಕರಗಿಸಿ ಹಚ್ಚುತ್ತೇವೆ, ದ್ರಾವಕ ಗಾಳಿಗೆ ಹೋಗುತ್ತದೆ, ಅಂಟು ಉಳಿಯುತ್ತದೆ. ದ್ರಾವಕವೇ ಇಲ್ಲದೆ ಒಣ ಅಂಟನ್ನು ಶಾಖದಿಂದ ಕರಗಿಸಿ ಹರಡಬಾರದೇಕೆ? ಚನ್ನಪಟ್ಟಣದ ಗೊಂಬೆ ಕೆಲಸದವರು ತಲೆಮಾರುಗಳಿಂದ ಮಾಡುತ್ತಿರುವುದು ಇದನ್ನೇ! ತಿರುಗಣಿಯಲ್ಲಿ ಗಿರ್ರನೆ ತಿರುಗುವ ಹಾಲೆಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಶಾಖಕ್ಕೆ ಅರಗು ಕರಗಿ ಮೈತುಂಬ ಹರಡುತ್ತದೆ. ಆಮೇಲೆ ತಾಳೆಗರಿಯಿಂದ ಮೆರುಗು. ಜರ್ಮನಿಯ ಎರ್ವಿನ್ ಗೆಮ್ಮರ್ 1953ರ ಸುಮಾರಿಗೆ ಗಾಳಿಯಿಂದ ನೀರಿನಂತೆ ಕುದಿಯುವ ಪ್ಲಾಸ್ಟಿಕ್ ಪುಡಿಯಲ್ಲಿ ಕಾದ ಲೋಹವನ್ನು ಅದ್ದಿ ಲೇಪ ಕೊಡುವ ವಿಧಾನಕ್ಕೆ ಪೇಟೆಂಟು ಕೋರಿದ. ಒಬ್ಬರಿಂದ ಇನ್ನೊಬ್ಬರು ಕಲಿತರೆಂದು ನಾನು ಹೇಳುತ್ತಿಲ್ಲ. ತತ್ತ್ವ ಒಂದೇ ಎಂದಷ್ಟೇ. ಭೇದವೂ ಉಂಟು: ಅರಗು ಮತ್ತೆ ಕಾಸಿದರೆ ಮೆತ್ತಗಾಗುತ್ತದೆ, ಇಂದು ಗಾಲಿಗೆ ಬಳಸುವ ಪುಡಿ ಒಮ್ಮೆ ಬೆಂದು ಬಲೆಗಟ್ಟಿದರೆ ಕರಗದು.

1960ರ ದಶಕದಲ್ಲಿ ಪುಡಿಗೆ ವಿದ್ಯುದಂಶ ಕೊಟ್ಟು ತುಪಾಕಿಯಿಂದ ತೂರುವ ಪದ್ಧತಿ ಬಂತು. ಭೂಸ್ಪರ್ಶ ಕೊಟ್ಟ ಲೋಹ ಪುಡಿಯನ್ನು ಎಳೆದುಕೊಳ್ಳುತ್ತದೆ. ಬಳಿಕ ಒಲೆಯಲ್ಲಿ 180ರಿಂದ 200 ಡಿಗ್ರಿ ಶಾಖ. ಇಲ್ಲಿ ಭೌತಶಾಸ್ತ್ರದ ಒಂದು ತಮಾಷೆ ನೋಡಿ. 1836ರಲ್ಲಿ ಫ್ಯಾರಡೆ ತನ್ನ ಲೋಹದ ಪಂಜರದಿಂದ ತೋರಿಸಿದಂತೆ ವಿದ್ಯುತ್ ಕ್ಷೇತ್ರ ಒಳಮೂಲೆಗಳನ್ನು ಹೊಗುವುದಿಲ್ಲ. ಹಬ್ಬಿನ ಸಂದುಗಳಲ್ಲಿ ಪುಡಿ ತೆಳ್ಳಗಾಗುವುದು, ನೀರು ನಿಲ್ಲುವ ಜಾಗವೂ ಅದೇ ಆಗಿರುವುದು ಇದರಿಂದಲೇ. ಅಂಗಡಿಯವನನ್ನು ಬೈದು ಫಲವಿಲ್ಲ.

ಹಾಗಾದರೆ ಯಾವುದು ಲೇಸು? ಏಟು ತಡೆಯುವುದರಲ್ಲಿ ಪುಡಿಲೇಪವೇ ಮೇಲು. ಆದರೆ ಅದು ದಪ್ಪ. ಬೇರಿಂಗ್ ಕೂರುವ ಮನೆ, ಆಕ್ಸಲ್ ಒತ್ತುವ ಮುಖ ಇವನ್ನು ಮುಚ್ಚದೆ ಲೇಪಿಸಿದರೆ ಬೇರಿಂಗು ಸರಿಯಾಗಿ ಕೂರದು, ಬಿಗಿದ ನಟ್ಟು ಮುಂದೆ ಸಡಿಲವಾಗುತ್ತದೆ. ಕ್ರೋಮಿನ ಮೇಲೆ ಪುಡಿ ನಿಲ್ಲದು, ಕ್ರೋಮನ್ನು ಮೊದಲು ತೆಗೆಯಬೇಕು. ಈಗಿನ ಅಲ್ಯುಮಿನಿಯಂ ಎರಕದ ಗಾಲಿಗಳನ್ನಂತೂ ಮತ್ತೆ ಮತ್ತೆ ಒಲೆಗಿಡುವುದು ಅಪಾಯ. ಅವುಗಳಿಗೆ ಕೊಟ್ಟ ಹದ 200 ಡಿಗ್ರಿಯಲ್ಲಿ ಕೆಡಬಹುದು. ಇದಕ್ಕಿಂತ ಭಯಂಕರವಾದದ್ದು ಬಿರುಕಿನ ಮೇಲಿನ ಲೇಪ. ಸೆಕೆಂಡ್ ಹ್ಯಾಂಡ್ ಗಾಡಿಯ ಗಾಲಿ ಹೊಸದರಂತೆ ಮಿನುಗುತ್ತಿದ್ದರೆ ನನಗೆ ಸಂತೋಷಕ್ಕಿಂತ ಸಂಶಯವೇ ಹೆಚ್ಚು.

ಮನೆಯ ಬಣ್ಣ ಬೇಗ ಚಕ್ಕೆ ಏಳುತ್ತದೆ. ಆದರೆ ಉಜ್ಜುವಾಗ ಪ್ರತಿ ಅಂಗುಲವೂ ನಮ್ಮ ಕಣ್ಣಿಗೆ ಬೀಳುತ್ತದೆ. ಗಟ್ಟಿಕಾರಕ ಬೆರೆಸುವ ಎರಡು ಡಬ್ಬಿಯ ಬಣ್ಣವನ್ನು ಮಾತ್ರ ಮನೆಯಲ್ಲಿ ಸಿಂಪಡಿಸಬಾರದು. ಅದರ ಐಸೊಸಯನೇಟ್ ಉಸಿರಿಗೆ ಸೇರಿದರೆ ಉಬ್ಬಸ ಹತ್ತುತ್ತದೆ, ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು. ದಿನವಿಡೀ ಅದರಲ್ಲೇ ದುಡಿಯುವ ಗ್ಯಾರೇಜಿನ ಹುಡುಗರನ್ನು ಕಂಡಾಗ ದ್ರಾವಕವಿಲ್ಲದ ಪುಡಿಯ ಕಡೆಗೇ ನನ್ನ ಒಲವು.

ಮೈಸೂರಿನ ಕಡ್ಡಿಗಾಲಿಯಾದರೆ ಪೂರ್ತಿ ಬಿಚ್ಚಿ, ಬರಿಯ ಉಕ್ಕಾಗುವವರೆಗೆ ಸುಲಿಸಿ, ಬಿರುಕು ನೋಡಿ, ಆಮೇಲೆ ಪುಡಿಲೇಪ ಕೊಡಿಸಬಹುದು. ಮತ್ತೆ ಕಡ್ಡಿ ಕಟ್ಟುವ ಕೆಲಸವನ್ನು ಕಿವಿಯಿಂದಲೇ ಬಿಗಿ ಅಳೆಯಬಲ್ಲ ಹಳೆಯ ಮಿಸ್ತ್ರಿಗೆ ಒಪ್ಪಿಸಬೇಕು. ನಿಪ್ಪಲಿನಡಿಯ ಲೇಪ ಒತ್ತಿಕೊಂಡು ಕೂತಂತೆ ಕಡ್ಡಿಗಳು ಸಡಿಲಾಗುತ್ತವೆ. ಇನ್ನೂರು ಮುನ್ನೂರು ಕಿಲೊಮೀಟರು ಓಡಿದ ಬಳಿಕ ಇನ್ನೊಮ್ಮೆ ತಟ್ಟಿ ನೋಡಿಸಬೇಕು.