ತಂತಿಯ ಎತ್ತರ: ತಂಬೂರಿಯ ಜೀವಾಳದಿಂದ ಗಿಟಾರಿನ ಮಿಲಿಮೀಟರ್‌ವರೆಗೆ

ಕಲಬುರಗಿ ಕೋಟೆಗೆ ಹೋದವರು ಬಾರಾ ಗಜಿ ತೋಪು ನೋಡದೆ ಬರುವುದಿಲ್ಲ. ಅದರ ಹೆಸರಿನಲ್ಲೇ ಅಳತೆ ಇದೆ. ಬಾರಾ ಅಂದರೆ ಹನ್ನೆರಡು, ಗಜ ಅಂದರೆ ಹಳೆಯ ಕಾಲದ ಉದ್ದದ ಲೆಕ್ಕ. ಇವತ್ತು ಅದನ್ನು 29 ಅಡಿ ಎನ್ನುತ್ತಾರೆ. ಹಾಗಾದರೆ ಒಂದು ಗಜಕ್ಕೆ 29 ಇಂಚು ಬೀಳುತ್ತದೆ. ಆದರೆ ಈಗಿನ ಬಟ್ಟೆ ಅಂಗಡಿಯ ಗಜ 36 ಇಂಚಿನದು. ತೋಪು ಇದ್ದಷ್ಟೇ ಇದೆ, ಗಜ ಮಾತ್ರ ಬೆಳೆದಿದೆ!

ಇಷ್ಟು ದೊಡ್ಡ ವಸ್ತುವನ್ನು ಹೇಗಾದರೂ ಅಳೆಯಬಹುದು. ಈ ಬರಹ ಇರುವುದು ಬಹಳ ಸಣ್ಣ ಅಳತೆಯೊಂದರ ಬಗ್ಗೆ. ಗಿಟಾರಿನ ತಂತಿಗೂ ಅದರ ಕೆಳಗಿನ ಫ್ರೆಟ್ಟಿಗೂ, ಅಂದರೆ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗೂ, ನಡುವೆ ಎಷ್ಟು ಸಂದು ಇರಬೇಕು? ಎರಡು, ಎರಡೂವರೆ ಮಿಲಿಮೀಟರ್. ನಾಲ್ಕಾದರೆ ಕಲಿಯುವ ಹುಡುಗನ ಬೆರಳು ಕೊಯ್ಯುತ್ತದೆ. ಒಂದಕ್ಕಿಂತ ಕಡಿಮೆಯಾದರೆ ತಂತಿ ಫ್ರೆಟ್ಟಿಗೆ ಬಡಿದು ಜರ್‍ರ್ ಅನ್ನುತ್ತದೆ.

ಫೋನಿನಲ್ಲಿ ಆರ್ಡರ್ ಮಾಡಿದ ಗಿಟಾರ್ ಈಗ ಕಮಲಾಪುರದಂಥ ಊರಿಗೂ ಪೆಟ್ಟಿಗೆಯಲ್ಲಿ ಬಂದು ಇಳಿಯುತ್ತದೆ. ಕಡಿಮೆ ಬೆಲೆಯ ಎಷ್ಟೋ ಗಿಟಾರುಗಳಲ್ಲಿ ತಂತಿ ಮೇಲೆದ್ದೇ ಇರುತ್ತದೆ. ಹುಡುಗರು ಹದಿನೈದು ದಿನ ಒತ್ತುತ್ತಾರೆ, ಬೆರಳು ಕೆಂಪಾಗುತ್ತದೆ, ಸ್ವರ ಸರಿಯಾಗಿ ಬರುವುದಿಲ್ಲ. "ನನ್ನ ಕೈಗೆ ಇದು ಬರೂದಿಲ್ಲ" ಅಂತ ಮೂಲೆಗೆ ಇಡುತ್ತಾರೆ. ತಪ್ಪು ಕೈಯದಲ್ಲ, ಆ ಸಂದಿನದು. ತಂತಿವಾದ್ಯಗಳ ಚರಿತ್ರೆ ನೋಡಿದರೆ, ಅಂಗಡಿಯಿಂದ ಬಂದ ಹಾಗೆಯೇ ವಾದ್ಯ ನುಡಿಸಬೇಕು ಎಂಬ ಕಲ್ಪನೆಯೇ ತೀರಾ ಹೊಸದು.

ನಮ್ಮ ಏಕತಾರಿಯಿಂದಲೇ ಶುರು ಮಾಡೋಣ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರ ಕೈಯಲ್ಲಿರುವ ಏಕತಾರಿಗೆ ಒಂದೇ ತಂತಿ. ಅದನ್ನು ಯಾರೂ ಒತ್ತುವುದಿಲ್ಲ, ಬರೀ ಮೀಟುತ್ತಾರೆ. ಹಾಗಾಗಿ ಅದು ಎಷ್ಟು ಎತ್ತರದಲ್ಲಿದ್ದರೂ ಬೆರಳಿಗೆ ತೊಂದರೆ ಇಲ್ಲ. ತಂಬೂರಿಯನ್ನೂ ಒತ್ತುವುದಿಲ್ಲ. ಆದರೆ ಅಲ್ಲಿ ಎತ್ತರದ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ.

ತಂಬೂರಿಯ ತಂತಿ ಕೂರುವ ಜಾಗಕ್ಕೆ ಕುದುರೆ ಎನ್ನುತ್ತಾರೆ. ಅದರ ಬೆನ್ನು ಚೂಪಾಗಿಲ್ಲ, ಅಗಲವಾಗಿ ಸ್ವಲ್ಪ ಬಾಗಿದೆ. ತಂತಿಗೂ ಕುದುರೆಗೂ ನಡುವೆ ಒಂದು ಸಣ್ಣ ರೇಷ್ಮೆ ಅಥವಾ ಹತ್ತಿಯ ದಾರ ತೂರಿಸುತ್ತಾರೆ. ಕನ್ನಡದಲ್ಲಿ ಅದಕ್ಕೆ ಜೀವಾಳ ಎಂಬ ಹೆಸರು. ದಾರವನ್ನು ಒಂದು ಎಳ್ಳಿನಷ್ಟು ಹಿಂದೆ ಮುಂದೆ ಸರಿಸಿದರೆ ಸಾಕು, ಮಂಕಾಗಿದ್ದ ತಂತಿ ಗುಂಯ್ ಎಂದು ಅರಳುತ್ತದೆ. ತಂತಿ ಕುದುರೆಯ ಮೇಲಿಂದ ಕೂದಲೆಳೆಯಷ್ಟು ಎದ್ದು, ಕಂಪಿಸುವಾಗ ಅದನ್ನು ಮತ್ತೆ ಮತ್ತೆ ಸವರುತ್ತದಲ್ಲ, ಅದರದೇ ಆ ನಾದ. ಇಲ್ಲಿ ಅಳತೆಗೋಲು ದಾರ, ಓದುವುದು ಕಿವಿ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಸಂಗೀತ ಕಲಿತರು. ತಂಬೂರಿ ಹದ ಮಾಡಲು ಕಣ್ಣು ಬೇಕೇ ಬೇಕು ಅಂತೇನಿಲ್ಲ.

ಇದರ ಒಳಗುಟ್ಟನ್ನು ವಿಜ್ಞಾನದ ಕಣ್ಣಿನಿಂದ ನೋಡಿದವರು ಸಿ.ವಿ. ರಾಮನ್. ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ, ಬೆಂಗಳೂರಿಗೆ ಬಂದದ್ದು 1933ರಲ್ಲಿ. ಅದಕ್ಕೂ ಮೊದಲು, ಕಲ್ಕತ್ತೆಯಲ್ಲಿದ್ದಾಗ, 1921ರ ಸುಮಾರಿಗೆ ತಂಬೂರಿ ಮತ್ತು ವೀಣೆಯ ಬಗ್ಗೆ ಒಂದು ಪ್ರಬಂಧ ಬರೆದರು. ಒಂದು ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲೇಬಾರದು ಅಂತ ಯುರೋಪಿನ ಹಳೆಯ ನಿಯಮ ಹೇಳುತ್ತದೆ. ತಂಬೂರಿಯಲ್ಲಿ ಮಾತ್ರ ಅವು ಚೆನ್ನಾಗಿಯೇ ಕೇಳಿಸುತ್ತವೆ. ಕಾರಣ ಆ ಬಾಗಿದ ಕುದುರೆ ಎಂದು ರಾಮನ್ ತೋರಿಸಿದರು. ಹೆಸರು ಗೊತ್ತಿಲ್ಲದ ಬಡಗಿಗಳು ಕೈಯಿಂದ ಕಂಡುಕೊಂಡದ್ದನ್ನು ಪ್ರಯೋಗಾಲಯ ಒಪ್ಪಿಕೊಂಡಂತಾಯಿತು.

ಅಂಥ ಬಡಗಿಗಳ ಊರು ನಮ್ಮಿಂದ ಬಹಳ ದೂರವಿಲ್ಲ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮಿರಜ. ಅಲ್ಲಿ ಕತ್ತಿ, ಆಯುಧ ಮಾಡುತ್ತಿದ್ದ ಶಿಕಲಗಾರ ಮನೆತನದವರು ಸುಮಾರು 1850ರ ಹೊತ್ತಿಗೆ ಸಿತಾರು, ತಂಬೂರಿ ಮಾಡಲು ಇಳಿದರು. ಮೊದಲು ಬರುವ ಹೆಸರು ಫರೀದ್‌ಸಾಹೇಬರದು. ರಾಜರ ಯುದ್ಧಗಳು ಮುಗಿದು ಕೋಟೆಯ ತೋಪುಗಳು ತಣ್ಣಗಾದ ಕಾಲ ಅದು, ಕತ್ತಿ ಸಾಣೆ ಹಿಡಿಯುವ ಕೈಗೆ ಬೇರೆ ಕೆಲಸ ಬೇಕಿತ್ತು. ವಾದ್ಯಕ್ಕೆ ಬೇಕಾದ ದೊಡ್ಡ ಕುಂಬಳ ಬೆಳೆಯುವುದು ಪಂಢರಪುರದ ಸುತ್ತ, ಭೀಮಾ ನದಿಯ ಸೀಮೆಯಲ್ಲಿ. ಅದೇ ಭೀಮೆ ಮುಂದೆ ಅಫಜಲಪುರ, ಗಾಣಗಾಪುರದ ಮೇಲೆ ನಮ್ಮ ಜಿಲ್ಲೆಗೆ ಬರುತ್ತಾಳೆ. ಮಿರಜದ ಸಿತಾರು ಮತ್ತು ತಂಬೂರಿಗೆ 2024ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ.

ಮಿರಜದ ಕುಶಲಕರ್ಮಿ ಕುದುರೆಯನ್ನು ಅರದಿಂದ ಉಜ್ಜಿ ಉಜ್ಜಿ ನಾದ ತೆರೆಯುವುದಕ್ಕೆ ಜವಾರಿ ತೆಗೆಯುವುದು ಎನ್ನುತ್ತಾರೆ. (ನಮ್ಮ ಜವಾರಿ ಕೋಳಿ, ಜವಾರಿ ಜೋಳಕ್ಕೂ ಇದಕ್ಕೂ ಸಂಬಂಧ ಇಲ್ಲ!) ತಂತಿ ಕುದುರೆಯನ್ನು ಸವೆಸಿದ ಹಾಗೆ ನಾದ ಮಂಕಾಗುತ್ತದೆ, ಮತ್ತೆ ಉಜ್ಜಿಸಬೇಕು. ಅಂದರೆ ವಾದ್ಯ ಒಮ್ಮೆ ಮಾರಿದ ಮೇಲೂ ಮಾಡಿದವನ ಕೈಗೆ ಮತ್ತೆ ಮತ್ತೆ ಬರುತ್ತಿತ್ತು. ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಮಿರಜದಲ್ಲೇ ನೆಲೆಸಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ನಮ್ಮ ಉತ್ತರ ಕರ್ನಾಟಕದ ಹಾಡುಗಾರಿಕೆಯ ಬೆನ್ನಿಗೆ ಆ ದಾರದ ಗುಂಯ್‌ಕಾರ ಇತ್ತು.

ವೀಣೆಯಲ್ಲಿ ತಂತಿಯನ್ನು ಒತ್ತಲೇಬೇಕು. ಅದರ 24 ಮೆಟ್ಟಿಲುಗಳನ್ನು ಕೂರಿಸುವುದು ಜೇನುಮೇಣ ಮತ್ತು ಇದ್ದಿಲ ಪುಡಿಯ ಮಿಶ್ರಣದಲ್ಲಿ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ತಂತಿ ಎತ್ತರ ಅನ್ನಿಸಿದರೆ ಮೇಣ ಬಿಸಿ ಮಾಡಿ ಮೆಟ್ಟಿಲನ್ನೇ ಮೇಲೆತ್ತಬಹುದು. ತಂತಿ ಇಳಿಸುವ ಬದಲು ನೆಲ ಏರಿಸಿದ ಹಾಗೆ. ನನಗೆ ಕೇಳಿದರೆ ಇದರಷ್ಟು ಬುದ್ಧಿವಂತ ಉಪಾಯ ಗಿಟಾರಿನಲ್ಲಿಲ್ಲ. ಆದರೆ ನಮ್ಮ ಏಪ್ರಿಲ್ ಬಿಸಿಲಿಗೆ ಮೇಣದ ಗತಿ ಏನು ಅಂತ ಬೇರೆ ಹೇಳಬೇಕಿಲ್ಲ.

ಗಿಟಾರಿನ ಫ್ರೆಟ್ ಕಟ್ಟಿಗೆಯಲ್ಲಿ ಹೂತಿರುತ್ತದೆ, ಅಲುಗಾಡಿಸುವ ಹಾಗಿಲ್ಲ. ಮೊದಲು ಅದಕ್ಕೆ ಕರುಳಿನ ತಂತಿ ಇರುತ್ತಿತ್ತು, ಬೆರಳಿಗೆ ಮೆತ್ತಗೆ. 1920ರ ದಶಕದ ಹೊತ್ತಿಗೆ ಅಮೆರಿಕದಲ್ಲಿ ಉಕ್ಕಿನ ತಂತಿ ಗೆದ್ದಿತು. ಆರು ಉಕ್ಕಿನ ತಂತಿಗಳು ಸೇರಿ ಎಳೆಯುವ ಬಲ ಸುಮಾರು 70 ಕಿಲೋ, 50 ಕಿಲೋ ತೊಗರಿ ಚೀಲಕ್ಕಿಂತ ಹೆಚ್ಚು. ಅಷ್ಟು ಎಳೆದರೆ ಕತ್ತು ಬಾಗದೆ ಇರುತ್ತದೆಯೇ? ಬಾಗಿದರೆ ಸಂದು ಹೆಚ್ಚುತ್ತದೆ. ಅದಕ್ಕೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಕತ್ತಿನೊಳಗೆ ತಿರುಗಿಸಬಹುದಾದ ಕಬ್ಬಿಣದ ಸರಳು ಹಾಕುವ ದಾರಿ ಕಂಡುಕೊಂಡರು, 1923ರಲ್ಲಿ ಪೇಟೆಂಟ್ ಸಿಕ್ಕಿತು.

ಎಲ್ಲರಿಗೂ ತಂತಿ ಕೆಳಗೇ ಬೇಕು ಅಂತಲೂ ಅಲ್ಲ. ಹವಾಯಿ ದ್ವೀಪದ ಜೋಸೆಫ್ ಕೆಕುಕು 1880ರ ದಶಕದಲ್ಲಿ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಲೋಹದ ತುಂಡು ಜಾರಿಸಿ ನುಡಿಸತೊಡಗಿದರು ಎನ್ನುತ್ತಾರೆ. ಅದಕ್ಕೆ ತಂತಿ ಬೇಕಂತಲೇ ಎತ್ತರ ಇರಬೇಕು, ಇಲ್ಲದಿದ್ದರೆ ಲೋಹ ಫ್ರೆಟ್ಟಿಗೆ ಬಡಿಯುತ್ತದೆ. ಆ ಪದ್ಧತಿ ಭಾರತಕ್ಕೂ ಬಂತು. ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗ ನುಡಿಸಿದರು. ವಿಶ್ವಮೋಹನ ಭಟ್ಟರಿಗೆ 1994ರಲ್ಲಿ ಗ್ರ್ಯಾಮಿ ಬಂತು. ಅದೇ ವಾದ್ಯ, ಆದರೆ ತಂತಿಯ ಎತ್ತರ ಬೇರೆ, ಸಂಗೀತವೂ ಬೇರೆ.

ಹಾಗಾದರೆ ನಮ್ಮ ಹುಡುಗರಿಗೆ ಏನು ತಪ್ಪಿತು? ಕಾರ್ಖಾನೆಯವರು ತಂತಿಯನ್ನು ಸ್ವಲ್ಪ ಎತ್ತರಕ್ಕೇ ಬಿಡುವುದು ಹಳೆಯ ರೂಢಿ, ತಗ್ಗಿಸುವುದು ಸುಲಭ ಅಂತ. ಅಂಗಡಿಯವನು ಅಥವಾ ಗುರು ಅದನ್ನು ಹದ ಮಾಡಿ ಕೊಡುತ್ತಿದ್ದ. ಪೆಟ್ಟಿಗೆ ನೇರ ಮನೆಗೆ ಬಂದಾಗ ಆ ನಡುವಿನ ಮನುಷ್ಯ ಮಾಯವಾದ. ಇದು ಇವತ್ತಿನ ಕತೆಯೂ ಅಲ್ಲ. ಅಮೆರಿಕದ ಸಿಯರ್ಸ್ ಕಂಪನಿ 1890ರ ದಶಕದಲ್ಲೇ ಕ್ಯಾಟಲಾಗ್ ನೋಡಿ ಕೇಳಿದವರಿಗೆ ಹಳ್ಳಿಗಳಿಗೆ ಗಿಟಾರ್ ಕಳಿಸುತ್ತಿತ್ತು.

ಅಳೆಯುವುದು ಕಷ್ಟವಲ್ಲ. ಮೊದಲು ತಂತಿಗಳನ್ನು ಪೂರ್ತಿ ಶ್ರುತಿಗೆ ತನ್ನಿ, ಸಡಿಲ ತಂತಿಯ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ನುಡಿಸುವ ಹಾಗೆಯೇ ಗಿಟಾರ್ ಹಿಡಿದು, 12ನೇ ಫ್ರೆಟ್ಟಿನ ತಲೆಯಿಂದ ತಂತಿಯ ಕೆಳಗಿನ ಅಂಚಿನವರೆಗೆ ನೋಡಿ. ಶಾಲೆಯ ಪ್ಲಾಸ್ಟಿಕ್ ಸ್ಕೇಲಿನಲ್ಲಿ ಸೊನ್ನೆಗೆ ಮುಂಚೆ ಖಾಲಿ ಜಾಗ ಇರುತ್ತದೆ, ತುದಿಯಿಂದಲೇ ಸೊನ್ನೆ ಶುರುವಾಗುವ ಉಕ್ಕಿನ ಪಟ್ಟಿ ಬೇಕು. ಇನ್ನೂ ಒಳ್ಳೆಯದು ಬೈಕ್ ಗ್ಯಾರೇಜಿನಲ್ಲಿ ಟ್ಯಾಪೆಟ್ ನೋಡುವ ಫೀಲರ್ ಗೇಜ್. ಅದರ ಪಟ್ಟಿಗಳನ್ನು ಜೋಡಿಸಿ ಸಂದಿನಲ್ಲಿ ತೂರಿಸಿದರೆ ಅಳತೆ ಸಿಕ್ಕಿತು. ಉಕ್ಕಿನ ತಂತಿಯ ಗಿಟಾರಿಗೆ ದಪ್ಪ ತಂತಿಯ ಕೆಳಗೆ ಸುಮಾರು 2.4, ಸಣ್ಣ ತಂತಿಯ ಕೆಳಗೆ 1.6ರಿಂದ 1.8 ಮಿಲಿಮೀಟರ್ ಇದ್ದರೆ ಹೆಚ್ಚಿನವರಿಗೆ ಸರಿ. ಕಲಬುರಗಿಯ ಒಣ ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿ ತಂತಿ ಇಳಿಯುತ್ತದೆ, ಮಳೆಗಾಲದಲ್ಲಿ ಉಬ್ಬಿ ಏರುತ್ತದೆ. ಹಾಗಾಗಿ ವರ್ಷಕ್ಕೆ ಎರಡು ಸಲ ನೋಡಬೇಕು.

ಕತ್ತು ನೇರ ಇದ್ದೂ ತಂತಿ ಎತ್ತರ ಇದ್ದರೆ, ಹೊಟ್ಟೆಯ ಮೇಲಿನ ಸ್ಯಾಡಲ್ ಎಂಬ ಬಿಳಿ ಪಟ್ಟಿ ತೆಗೆದು ಅದರ ತಳವನ್ನು ಮರಳು ಕಾಗದದ ಮೇಲೆ ಉಜ್ಜಬೇಕು. ನಮ್ಮ ಕುದುರೆಯ ಕೆಲಸವನ್ನೇ ಅಲ್ಲಿ ಅದು ಮಾಡುತ್ತದೆ. 12ನೇ ಫ್ರೆಟ್ ತಂತಿಯ ಸರಿಯಾಗಿ ಅರ್ಧದಲ್ಲಿದೆ, ಅದಕ್ಕೇ ಅಲ್ಲಿ ಅರ್ಧ ಮಿಲಿಮೀಟರ್ ಇಳಿಯಲು ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ಹೋಗಬೇಕು. ಸ್ವಲ್ಪ ಉಜ್ಜಿ, ಹಾಕಿ, ಶ್ರುತಿ ಮಾಡಿ, ಅಳೆದು, ಮತ್ತೆ ಉಜ್ಜಿ. ಜಾಸ್ತಿ ಸವೆದು ತಂತಿ ಜರ್‍ರ್ ಅಂದರೆ ಹೊಸ ಸ್ಯಾಡಲ್ ಸಿಗುವವರೆಗೆ ಅದರ ಕೆಳಗೆ ಗಟ್ಟಿ ಕಾಗದದ ಸಣ್ಣ ಪಟ್ಟಿ ಇಟ್ಟು ನುಡಿಸಬಹುದು.